ಬೈಕುಲಾದ ಗವರ್ನೆಸ್ಸು, ಸಯಾಮಿನ ದೊರೆ

ಮುಲುಂಡಿನಿಂದ ಬೆಳಗಿನ ಲೋಕಲ್ ಹಿಡಿದು ಕೋಟೆಯ ಕಡೆಗೆ ದುಡಿಯಲು ಹೋಗುವ ಕನ್ನಡಿಗರ ಪಾಲಿಗೆ ಬೈಕುಲಾ ಎಂಬುದು ದಾದರ್ ದಾಟಿದ ಮೇಲೆ ಬರುವ ಒಂದು ನಿಲ್ದಾಣ, ಅಷ್ಟೆ. ಇಳಿಯುವವರು ಇಳಿಯುತ್ತಾರೆ, ಉಳಿದವರು ನಿಂತಲ್ಲೇ ತೂಕಡಿಸುತ್ತಾರೆ. ಲೋಕಪ್ರಸಿದ್ಧವಾದ ಒಂದು ಪ್ರಣಯಕಥೆಯ ನಾಯಕಿ ಬಾಲ್ಯದಲ್ಲಿ ಓದಿದ್ದು ಈ ಬೈಕುಲಾದಲ್ಲಿದ್ದ ಬಾಂಬೆ ಎಜುಕೇಶನ್ ಸೊಸೈಟಿಯ ಶಾಲೆಯಲ್ಲಿ ಎಂದು ಜೀವನಚರಿತ್ರಕಾರರು ಗುರುತಿಸಿದ್ದಾರೆ. ಆಕೆಯೇ ಆ್ಯನಾ ಲಿಯೊನೋವೆನ್ಸ್.

ಇಂಗ್ಲಿಷ್ ಕಾದಂಬರಿಗೆ ಬಹು ಪ್ರಿಯವಾದ ಜೋಡಿಯೊಂದಿದೆ: ಸುಖಲೋಲುಪನಾದ ಸಿರಿವಂತ, ಅವನ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಬಡ ಗವರ್ನೆಸ್. ಷಾರ್ಲೆಟ್ ಬ್ರಾಂಟಿಯ 'ಜೇನ್ ಐರ್' (1847) ಇದಕ್ಕೆ ಮೇಲ್ಪಂಕ್ತಿ. ತಿದ್ದಿಕೊಂಡ ವಿಟನೇ ಉತ್ತಮ ಪತಿ ಎಂಬ ನಂಬಿಕೆ ಅಪಾಯಕಾರಿಯೆಂದು ಅದಕ್ಕೂ ನೂರು ವರ್ಷ ಮೊದಲೇ ರಿಚರ್ಡ್‌ಸನ್ ತನ್ನ 'ಕ್ಲಾರಿಸಾ'ದ ಮುನ್ನುಡಿಯಲ್ಲಿ ಎಚ್ಚರಿಸಿದ್ದನು. ಓದುಗರು ಕಿವಿಗೊಟ್ಟಂತೆ ಕಾಣುವುದಿಲ್ಲ. ಕನ್ನಡದ ಕಂಪನಿ ನಾಟಕಗಳಲ್ಲಿ ದಾರಿತಪ್ಪಿದ ಗಂಡನನ್ನು ತಿದ್ದುವವಳು ಸಾಮಾನ್ಯವಾಗಿ ಹೆಂಡತಿ. ಆಕೆಯ ಬಲವೆಲ್ಲ ಸಹನೆಯಲ್ಲಿ. ಗವರ್ನೆಸ್ಸಿನ ಬಲ ಬೇರೆ ಬಗೆಯದು. ಆಕೆ ಸಂಬಳದವಳು; ಮನಸ್ಸು ಮುರಿದ ದಿನ ಪೆಟ್ಟಿಗೆ ಕಟ್ಟಿ ಹೊರಟುಬಿಡಬಲ್ಲಳು. ಜೇನ್ ಮಾಡಿದ್ದೂ ಅದನ್ನೇ.

ಇದೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಆ್ಯನಾಳ ಕಥೆ. 1951ರಲ್ಲಿ ಬ್ರಾಡ್‌ವೇ ರಂಗಭೂಮಿಯ ಮೇಲೆ, 1956ರಲ್ಲಿ ಚಲನಚಿತ್ರವಾಗಿ ಬಂದ 'ದಿ ಕಿಂಗ್ ಆ್ಯಂಡ್ ಐ' ಎಂಬ ಕೃತಿಯಲ್ಲಿ ಸಯಾಮಿನ (ಇಂದಿನ ಥಾಯ್ಲೆಂಡ್) ದೊರೆ ಅಂತಃಪುರ ತುಂಬ ಹೆಂಗಸರನ್ನಿಟ್ಟುಕೊಂಡ ಮುಂಗೋಪಿ. ಇಂಗ್ಲಿಷ್ ವಿಧವೆಯೊಬ್ಬಳು ಅವನ ಮಕ್ಕಳಿಗೆ ಓದು ಕಲಿಸುತ್ತ ಅವನನ್ನೂ ಮನುಷ್ಯನನ್ನಾಗಿಸುತ್ತಾಳೆ. ಬಾಯಿಬಿಟ್ಟು ಹೇಳದ ಪ್ರೇಮವೊಂದು ಇಬ್ಬರ ನಡುವೆ ಸುಳಿಯುತ್ತದೆ.

ಚರಿತ್ರೆಯ ದೊರೆ ಮೊಂಗ್ಕುಟ್ ಬೇರೆಯೇ ವ್ಯಕ್ತಿ. ಪಟ್ಟಕ್ಕೆ ಬರುವ ಮೊದಲು ಇಪ್ಪತ್ತೇಳು ವರ್ಷ ಬೌದ್ಧ ಭಿಕ್ಷುವಾಗಿದ್ದವನು. ಪಾಲಿಯಲ್ಲಿ ಪಂಡಿತ, ಇಂಗ್ಲಿಷ್ ಕಲಿತವನು. 1851ರಲ್ಲಿ ಸಿಂಹಾಸನವೇರಿದ ಮೇಲೆ ರಾಜಪದ್ಧತಿಯಂತೆ ಹಲವರು ಪತ್ನಿಯರು, ಎಂಬತ್ತೆರಡು ಮಕ್ಕಳು ಇದ್ದುದು ನಿಜ. ಆದರೆ ಅದನ್ನು ಲಂಪಟತನವೆಂದು ಎಣಿಸಿದ್ದು ಪರರ ಕಣ್ಣು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಆತ ತಾನೇ ಲೆಕ್ಕ ಹಾಕಿ, ನೋಡಲು ಕಡಲತೀರದ ಕಾಡಿಗೆ ಹೋದನು. ಅಲ್ಲಿ ಅಂಟಿದ ಜ್ವರದಿಂದ ಅದೇ ವರ್ಷ ತೀರಿಕೊಂಡನು. ಅದೇ ಗ್ರಹಣವನ್ನು ಕನ್ನಡ ನಾಡಿನ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ಮೋಡಗಳ ನಡುವೆ ವೀಕ್ಷಿಸಿದ್ದುಂಟು. ಇಂಥವನನ್ನು ಸುಧಾರಿಸಬೇಕಾದ ವಿಟನ ಪಾತ್ರಕ್ಕೆ ನೂಕಿದ ಚಿತ್ರವನ್ನು ಥಾಯ್ಲೆಂಡ್ ನಿಷೇಧಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಗವರ್ನೆಸ್ಸಿನ ವಿಚಾರ. ತಾನು 1834ರಲ್ಲಿ ವೇಲ್ಸಿನಲ್ಲಿ ಹುಟ್ಟಿದವಳು, ಗಂಡ ಸೇನಾಧಿಕಾರಿಯಾಗಿದ್ದ ಎಂದು ಆಕೆ ಹೇಳಿಕೊಂಡಿದ್ದಳು. ಈ ಮಾತಿನ ಟೊಳ್ಳನ್ನು 1970ರ ದಶಕದಲ್ಲಿ ಬಯಲಿಗೆಳೆದವನು ಚರಿತ್ರಕಾರನಲ್ಲ, ಜೇಡಗಳ ಅಧ್ಯಯನಕ್ಕೆ ಹೆಸರಾದ ಬ್ರಿಸ್ಟೋ ಎಂಬ ವಿದ್ವಾಂಸ! ದಾಖಲೆಗಳು ಹೇಳುವಂತೆ ಆಕೆ ಹುಟ್ಟಿದ್ದು 1831ರಲ್ಲಿ, ಅಹಮದನಗರದಲ್ಲಿ. ತಂದೆ ಸಾಮಾನ್ಯ ಸಾರ್ಜೆಂಟ್. ಮಗಳು ಹುಟ್ಟುವ ಮೊದಲೇ ತೀರಿಕೊಂಡಿದ್ದನು. ತಾಯಿಯ ತಾಯಿ ಭಾರತೀಯ ಮೂಲದವಳಾಗಿದ್ದಿರಬೇಕೆಂಬುದು ಸಂಶೋಧಕರ ಊಹೆ. 1849ರಲ್ಲಿ ಪುಣೆಯಲ್ಲಿ ಆಕೆ ಮದುವೆಯಾದದ್ದು ಥಾಮಸ್ ಲಿಯಾನ್ ಓವೆನ್ಸ್ ಎಂಬ ಗುಮಾಸ್ತನನ್ನು. 1853ರ ಏಪ್ರಿಲ್‌ನಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡುವ ವೇಳೆಗೆ ದಂಪತಿಗಳು ಈ ಪ್ರಾಂತವನ್ನು ಬಿಟ್ಟಾಗಿತ್ತು. 1859ರಲ್ಲಿ ಪೆನಾಂಗಿನಲ್ಲಿ ಗಂಡ ಸತ್ತಾಗ ಉಳಿದದ್ದು ಎರಡು ಎಳೆಯ ಮಕ್ಕಳು.

ಸುಳ್ಳು ಹುಟ್ಟಿದ್ದು ಈ ಹೊತ್ತಿನಲ್ಲಿ ಎಂಬುದನ್ನು ಮರೆಯಲಾಗದು. ಮಿಶ್ರಮೂಲದ ಗುಮಾಸ್ತನ ವಿಧವೆಯ ಬಳಿಗೆ ಸಿಂಗಾಪುರದ ಯಾವ ಆಂಗ್ಲ ಅಧಿಕಾರಿಯೂ ತನ್ನ ಮಕ್ಕಳನ್ನು ಪಾಠಕ್ಕೆ ಕಳಿಸುತ್ತಿರಲಿಲ್ಲ. ವೇಲ್ಸಿನ ಕುಲಸ್ತ್ರೀಯ ಬಳಿಗೆ ಕಳಿಸಿದರು. ಆ ಶಾಲೆಯ ಹೆಸರೇ 1862ರಲ್ಲಿ ಆಕೆಯನ್ನು ಬ್ಯಾಂಕಾಕಿನ ಅರಮನೆಗೆ ಮುಟ್ಟಿಸಿತು. ಐದು ವರ್ಷ ಅಲ್ಲಿ ಪಾಠ ಹೇಳಿ, 1870ರಲ್ಲೂ ಅನಂತರವೂ ಅದರ ನೆನಪುಗಳನ್ನು ಗ್ರಂಥವಾಗಿಸಿದಳು. ಅವುಗಳಲ್ಲಿ ದೊರೆಯೊಡನೆ ಪ್ರೇಮದ ಸುದ್ದಿಯೇ ಇಲ್ಲ, ಅದು ರಂಗಭೂಮಿಯ ಕೊಡುಗೆ. ಆದರೆ ದೊರೆಯ ಕ್ರೌರ್ಯದ ಬಣ್ಣನೆ ಧಾರಾಳವಾಗಿದೆ, ಅದರಲ್ಲಿ ಹೆಚ್ಚಿನದು ನಂಬಲು ಕಷ್ಟವಾದದ್ದು. ಹೊಟ್ಟೆಪಾಡಿಗೆ ಹೇಳಿದ ಸುಳ್ಳನ್ನು ಕ್ಷಮಿಸಬಹುದು. ಉಪ್ಪುಣ್ಣಿಸಿದ ಧಣಿಯ ಮೇಲೆ ಅವನು ಸತ್ತ ಮೇಲೆ ಹೊರಿಸಿದ್ದನ್ನು ಅಷ್ಟು ಸುಲಭವಾಗಿ ಕ್ಷಮಿಸಲಾಗದು. ಕಟ್ಟಿದ ಕುಲ ಬಿರಿಯದಂತೆ ಕಾಯಲು ಆಕೆ ಇಂಡಿಯಾದಲ್ಲಿದ್ದ ಒಡಹುಟ್ಟಿದ ಅಕ್ಕನ ಸಂಬಂಧವನ್ನೂ ಕಡಿದುಕೊಂಡಳು. ಊರು ಬಿಟ್ಟು ಮಹಾನಗರ ಸೇರಿ, ಹಿಂದಿನದನ್ನು ಹೇಳಲು ಹಿಂಜರಿಯುವವರ ಸಂಕಟ ಮುಂಬಯಿಯವರಿಗೆ ಅಪರಿಚಿತವಲ್ಲ. ಆದರೆ ಇಷ್ಟು ಬೆಲೆ ತೆತ್ತವರು ವಿರಳ.

1897ರಲ್ಲಿ, ಆಕೆಯ ಹಳೆಯ ಶಿಷ್ಯ, ಆಗ ಸಯಾಮಿನ ದೊರೆಯಾಗಿದ್ದ ಚುಲಾಲೊಂಗ್‌ಕೋರ್ನ್ ಲಂಡನ್ನಿಗೆ ಬಂದಿದ್ದನು. ಮುದುಕಿ ಗುರು ಮೊಮ್ಮಗಳೊಡನೆ ಕಾಣಲು ಹೋದಳು. ನಮ್ಮ ತಂದೆಯನ್ನು ನಗೆಪಾಟಲಾಗಿಸುವಂಥ ಪುಸ್ತಕವನ್ನು ಏಕೆ ಬರೆದಿರಿ ಎಂದು ದೊರೆ ಕೇಳಿದನೆಂದು ಆ ಮೊಮ್ಮಗಳು ಮುಂದೆ ನೆನೆದಿದ್ದಾಳೆ. ತಾನು ಬರೆದದ್ದೆಲ್ಲ ಸತ್ಯವೆಂದು ಅಜ್ಜಿ ಪಟ್ಟುಬಿಡದೆ ಉತ್ತರಿಸಿದಳಂತೆ.