ಮನಿ ಮಾಲಿನ ರೇಟು

ದಾಳಿಂಬದ ನಾವಿಬ್ಬರು ಅಣ್ಣತಂಗಿ ಪುಣೆಯ ಒಂದೇ ತೆರಿಗೆ ಸಲಹಾ ಕಚೇರಿಯಲ್ಲಿ ಕಿರಿಯರು. ವಿದೇಶಿ ಕಂಪನಿಗೆ ಅದರದೇ ಭಾರತದ ಕಂಪನಿ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಖರ್ಚಿನ ಮೇಲೆ ಎಷ್ಟು ಲಾಭ ಹಿಡಿಯಬೇಕು? ಕಡಿಮೆ ಹಿಡಿದರೆ ಇಲ್ಲಿ ತೆರಿಗೆಯೂ ಕಡಿಮೆ.

"ಅಂದ್ರ ಮನಿ ಮಾಲು ಮನ್ಯಾಗ ಮಾರಿದಂಗ. ರೇಟು ಯಾರು ಕಟ್ತಾರ?" ಎಂದರು ಅಪ್ಪ, ಉಮರ್ಗಾದಲ್ಲಿ ಸೋಯಾ ಮಾರಿ ಬಂದವರು.

ಕೇಳಬೇಕಾದ ಪ್ರಶ್ನೆಯೇ. ಸಂಬಂಧವಿಲ್ಲದವರ ನಡುವೆ ನಡೆಯುವ ಬೆಲೆಯನ್ನೇ ಹಿಡಿಯಿರಿ ಎನ್ನುತ್ತದೆ 2001ರಲ್ಲಿ ನಮ್ಮಲ್ಲಿ ಬಂದ ಕಾನೂನು. ಅದಕ್ಕಾಗಿ ಅಂಥದೇ ಕೆಲಸ ಮಾಡುವ ಬೇರೆ ಕಂಪನಿಗಳ ಲೆಕ್ಕಪತ್ರ ಹುಡುಕಿ ಪಟ್ಟಿ ಮಾಡುವವರು ನಾವು. ಅಕ್ಟೋಬರ್ ತಿಂಗಳಲ್ಲಂತೂ ನಿದ್ದೆಯಿಲ್ಲ.

ಯುವಕೂಟದ ಗೆಳೆಯರು ಸುಂಕದ ಮತ್ತಾಯ ಎಂದು ರೇಗಿಸುತ್ತಾರೆ. ಆತ ಸುಂಕ ಎತ್ತುತ್ತಿದ್ದ, ನಾವು ಇಳಿಸುವವರು!

ಕಳೆದ ವರ್ಷ, ಹೆಚ್ಚು ಲಾಭದ ಒಂದು ಕಂಪನಿಯನ್ನು ಪಟ್ಟಿಯಿಂದ ತೆಗೆಯಿರಿ, ಕಾರಣ ಆಮೇಲೆ ಬರೆಯಿರಿ ಎಂದರು ಮೇಲಿನವರು. ತೆಗೆದೆವು. ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ, ಸಿಕ್ಕಿತು. ಯಾರೂ ತಪ್ಪೆನ್ನಲಿಲ್ಲ. ಆದರೆ ಊರಿಗೆ ಬಂದಾಗ ಅಪ್ಪನಿಗೆ ಅದನ್ನು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ಈ ವರ್ಷ ಲಾಭದ ಕಾಲಂ ಮುಚ್ಚಿಟ್ಟು, ಪ್ರತಿ ಕಂಪನಿ ಏನು ಕೆಲಸ ಮಾಡುತ್ತದೆಂದು ಓದಿ, ಇಡುವ ಬಿಡುವ ಕಾರಣ ಮೊದಲೇ ಬರೆದೆವು. ಹೆಚ್ಚು ಲಾಭದ ಎರಡು ಉಳಿದವು. ಮೇಲಿನವರು ಪಟ್ಟಿ ಇನ್ನೂ ನೋಡಿಲ್ಲ.