ತಂತಿಯ ತ್ರಾಣ

ವೇಗವೆಂಬುದು ಯಂತ್ರದ ಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಯಂತ್ರ ಒಂದೇ ಆಗಿದ್ದರೂ ಹಾದಿ ಬದಲಾದಂತೆ ವೇಗವೂ ಬದಲಾಗುತ್ತದೆಂಬುದನ್ನು ನನಗೆ ಮನದಟ್ಟು ಮಾಡಿದ್ದು ಅಂಗೈಯಗಲದ ಒಂದು ಮೋಡೆಮ್.

2002ರಲ್ಲಿ ನಮ್ಮ ಸಂಘದ ಹಿರಿಯರೊಬ್ಬರ ಕವನ ಸಂಕಲನ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು. ಬಿಡುಗಡೆಯ ದಿನ ನಿಶ್ಚಯವಾಗಿದ್ದುದರಿಂದ ಕರಡಚ್ಚು ಅಂಚೆಯಲ್ಲಿ ಬಂದು ಮರಳುವಷ್ಟು ಅವಕಾಶವಿರಲಿಲ್ಲ. ಅದನ್ನು ಇಮೇಲ್ ಮೂಲಕ ತರಿಸುವ ಹೊಣೆ ನನ್ನ ಪಾಲಿಗೆ ಬಂತು. ಯಾವ ಮನೆಯ ಫೋನು ಈ ಕೆಲಸಕ್ಕೆ ತಕ್ಕುದೆಂದು ತಿಳಿಯಲು, ಎರವಲು ತಂದ ಲ್ಯಾಪ್‌ಟಾಪಿನೊಡನೆ ಆ ಮೋಡೆಮನ್ನೂ ಚೀಲಕ್ಕಿಳಿಸಿ ಕಾಸರಗೋಡಿನ ಸುತ್ತಮುತ್ತ ನಾಲ್ಕು ಕಡೆ ಪರೀಕ್ಷಿಸಿದೆ.

ಮೋಡೆಮಿನ ಪೆಟ್ಟಿಗೆಯ ಮೇಲಿದ್ದುದು 56ಕೆ, ಅಂದರೆ ಸೆಕೆಂಡಿಗೆ 56,000 ಬಿಟ್. ಪೇಟೆಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿಗೆ ಸಮೀಪದಲ್ಲಿದ್ದ ಮಾವನ ಮನೆಯಲ್ಲಿ 45,333 ದೊರೆಯಿತು. ಮಿತ್ರರೊಬ್ಬರ ಮನೆಯಲ್ಲಿ ಒಂದೇ ತಂತಿಗೆ ಎರಡು ಫೋನುಗಳು, ಅಲ್ಲಿ 37,333. ಒಳಕೋಣೆಯ ಫೋನನ್ನು ಕಳಚಿದೊಡನೆ ಅದು 41,333ಕ್ಕೇರಿತು. ಕಚೇರಿಯೊಂದರ ಎಕ್ಸ್‌ಟೆನ್ಶನ್ ಫೋನಿನಲ್ಲಿ 31,200ರ ಮೇಲೆ ಹೋಗಲೇ ಇಲ್ಲ. ಬದಿಯಡ್ಕದ ಒಳಭಾಗದ ನಮ್ಮ ತೋಟದ ಮನೆಯಲ್ಲಿ 26,400. ಆಟಿಯ ಮಳೆ ಹಿಡಿದ ದಿನ ಅದೂ 19,200ಕ್ಕಿಳಿದು, ನಡುವೆ ಕಡಿದುಹೋಗುತ್ತಿತ್ತು.

ಕಾರಣಗಳು ಸರಳವಾಗಿವೆ. ಫೋನಿನ ವ್ಯವಸ್ಥೆ ಮನುಷ್ಯನ ಮಾತಿಗಾಗಿ, ಸುಮಾರು 300ರಿಂದ 3,400 ಹರ್ಟ್ಸ್ ವರೆಗಿನ ಧ್ವನಿಗಾಗಿ, ರೂಪುಗೊಂಡದ್ದು. ಆ ಇಕ್ಕಟ್ಟಿನಲ್ಲೇ ಮೋಡೆಮ್ ಅಂಕೆಗಳನ್ನು ನಾದವಾಗಿಸಿ ಕಳುಹಿಸಬೇಕು. ಕರೆ ಸೇರುವಾಗ ಕೇಳಿಬರುತ್ತಿದ್ದ ಕೀಚಲು ದನಿ ಎರಡು ಮೋಡೆಮುಗಳು ತಂತಿಯ ತ್ರಾಣವನ್ನು ಅಳೆದು, ಎರಡಕ್ಕೂ ಒಪ್ಪುವ ವೇಗವನ್ನು ಗೊತ್ತುಪಡಿಸಿಕೊಳ್ಳುವ ಸಂಭಾಷಣೆಯೇ ಆಗಿತ್ತು. ತಾಮ್ರದ ತಂತಿ ಉದ್ದವಾದಷ್ಟೂ ಸಂಕೇತ ಕ್ಷೀಣಿಸುತ್ತದೆ; ಜೋಡಣೆಗಳಿಗೆ ನೀರು ಸೇರಿದರೆ ಗದ್ದಲ ಹೆಚ್ಚುತ್ತದೆ. 56ಕೆ ವಿಧಾನ ಫಲಿಸಬೇಕಾದರೆ ಅಂಕೆಯ ರೂಪದಲ್ಲಿ ಬರುವ ಸಂಕೇತ ದಾರಿಯಲ್ಲಿ ಒಮ್ಮೆ ಮಾತ್ರ ನಾದವಾಗಬೇಕು. ಕಚೇರಿಯ ಸ್ವಂತ ಎಕ್ಸ್‌ಚೇಂಜಿನಲ್ಲಿ ಅದು ಮತ್ತೊಮ್ಮೆ ರೂಪಾಂತರ ಹೊಂದುತ್ತಿದ್ದುದರಿಂದ, 33,600ನ್ನು ಮೀರದ ಹಳೆಯ ವಿಧಾನವೇ ಗತಿಯಾಯಿತು.

ಮಾವನ ಮನೆಯ ತಂತಿಯೇ ಶ್ರೇಷ್ಠವೆಂಬುದು ಸ್ಪಷ್ಟವಾಗಿತ್ತು. ಆದರೆ ಕವಿಗಳು ಇದ್ದುದು ನಮ್ಮ ನೆರೆಯಲ್ಲಿ. ಪೇಟೆಗೆ ಪ್ರಯಾಣ ಮಾಡುವ ಸ್ಥಿತಿ ಅವರದಾಗಿರಲಿಲ್ಲ. ತೆರೆಯ ಮುಂದೆ ಕುಳಿತು ತಾವೇ ಕರಡು ನೋಡಬೇಕೆಂಬುದು ಅವರ ಹಂಬಲ. ಹಾಗಾಗಿ ದುರ್ಬಲ ತಂತಿಗೇ ಹೊರೆಯನ್ನು ಹೊಂದಿಸಬೇಕಾಯಿತು. ಪುಟದ ಚಿತ್ರವೊಂದು 300 ಕಿಲೋಬೈಟ್ ಇದ್ದರೆ, 26,400ರ ವೇಗದಲ್ಲಿ ಅದಕ್ಕೆ ಕನಿಷ್ಠ 90 ಸೆಕೆಂಡು ಬೇಕು. 80 ಪುಟಗಳಿಗೆ ಎರಡು ಗಂಟೆ. ಮಳೆಗಾಲದಲ್ಲಿ ಅಷ್ಟು ಹೊತ್ತು ನಮ್ಮ ತಂತಿ ನಿಲ್ಲುವುದು ಅಸಾಧ್ಯ. ಅದೇ ಪುಟ ಬರಿಯ ಅಕ್ಷರವಾಗಿ ಬಂದರೆ ಎರಡು ಕಿಲೋಬೈಟ್; ಇಡೀ ಪುಸ್ತಕಕ್ಕೆ ಒಂದೇ ನಿಮಿಷ. ಮುದ್ರಣಾಲಯದವರು ಬಳಸುತ್ತಿದ್ದ ಕನ್ನಡ ಫಾಂಟನ್ನೇ ನಾವೂ ಅಳವಡಿಸಿಕೊಂಡೆವು. ಇಲ್ಲವಾದರೆ ತೆರೆಯ ಮೇಲೆ ಅರ್ಥವಿಲ್ಲದ ಗುರುತುಗಳಷ್ಟೇ ಮೂಡುತ್ತಿದ್ದವು.

ಪುಸ್ತಕ ಬಂದಿಳಿಯಿತು. ಹಿರಿಯರು ಓದುತ್ತ ಒಂದು ಸಾಲಿನಲ್ಲಿ ತಡೆದರು. ಕುಂಬಳೆ ಎಂಬ ನಮ್ಮ ಊರಿನ ಹೆಸರು ಮಲಯಾಳದಲ್ಲಿ ಹೇಳುವಂತೆ ಕುಂಬಳ ಎಂದಾಗಿತ್ತು. "ಅರಸರು ಆಳಿದ ಊರನ್ನು ತರಕಾರಿ ಮಾಡಿದ್ದಾರಲ್ಲ ಮಗಾ!" ಎಂದು ನಕ್ಕರು, ನಗುವಿನ ಹಿಂದೆ ನೋವಿತ್ತು. ಒಂದು ಎತ್ವ ಆ ಸಂಜೆಯೇ ಬೆಂಗಳೂರಿಗೆ ಮರಳಿ, ಊರಿನ ಹೆಸರು ಸರಿಯಾಗಿ ಅಚ್ಚಾಯಿತು.

ಈಗ ತೋಟದ ಮನೆಗೂ ಗಾಜಿನ ಎಳೆ ಬಂದಿದೆ. ಆ ನಾಲ್ಕು ಅಂಕೆಗಳ ಅಂತರ ಇಂದು ನಗೆಪಾಟಲು. ಆದರೂ ಗಡಿನಾಡಿನ ನಮಗೆ ಆ ಲೆಕ್ಕದಲ್ಲೊಂದು ಬುದ್ಧಿವಾದವಿದೆ. ತಂತಿ ಉದ್ದವಾಗಿರಬಹುದು, ನಡುವೆ ಗದ್ದಲವಿರಬಹುದು; ಎರಡೂ ತುದಿಗಳಲ್ಲಿ ಅದೇ ಅಕ್ಷರವನ್ನು ಬಲ್ಲವರು ಇರುವವರೆಗೆ ಮಾತು ತಲುಪುತ್ತದೆ. ನಮ್ಮ ತುದಿಯನ್ನು ಕಾಯುವ ಕೆಲಸ ಸಂಘದ್ದು.