ನೆಲದೊಳಗಿನ ಒಕ್ಕಲು

1974ರ ಮಾರ್ಚಿ ಒಂದನೆಯ ತಾರೀಖಿಗೆ ನಮ್ಮ ರಾಜ್ಯದಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಕಾಯದೆ ಜಾರಿಗೆ ಬಂದಿತು. ಗೇಣಿದಾರರು 7ನೆಯ ನಮೂನೆಯ ಅರ್ಜಿ ತುಂಬಿಸಿ, ಹೆಬ್ಬೆಟ್ಟು ಒತ್ತಿ, ಕಚೇರಿಯ ಮುಂದೆ ಸಾಲು ನಿಂತರು. ಅರ್ಜಿ ಹಾಕದೆ ಉಳಿದ ಗೇಣಿದಾರನೊಬ್ಬನಿದ್ದಾನೆ. ಒತ್ತಲು ಅವನಿಗೆ ಹೆಬ್ಬೆಟ್ಟಿಲ್ಲ, ಓದಲು ಕಣ್ಣಿಲ್ಲ. ಮನುಷ್ಯನು ನೇಗಿಲು ಮಾಡಿಕೊಳ್ಳುವುದಕ್ಕೆ ಎಷ್ಟೋ ಕಾಲ ಮೊದಲೇ ಅವನು ನೆಲವನ್ನು ಉಳುತ್ತಿದ್ದ; ನಾವು ಬಿಟ್ಟರೆ ಈಗಲೂ ಉಳುತ್ತಾನೆ. ಎರೆಹುಳು ಎಂದು ಅವನ ಹೆಸರು.

ಇದು ನಾನು ಕಟ್ಟಿದ ಚಮತ್ಕಾರವಲ್ಲ. ಚಾರ್ಲ್ಸ್ ಡಾರ್ವಿನ್ನನು 1881ರಲ್ಲಿ ಬರೆದ ಕೊನೆಯ ಪುಸ್ತಕವೇ ಎರೆಹುಳುವಿನ ಮೇಲಿನದು. ಮುಂದಿನ ವರ್ಷ ಅವನು ತೀರಿಕೊಂಡ. ಜಗತ್ತಿನ ಜೀವರಾಶಿಯ ಹುಟ್ಟಿನ ಬಗೆಗೆ ಮಾತಾಡಿ ಪಾದ್ರಿಗಳ ನಿದ್ದೆಗೆಡಿಸಿದ ಆ ಮುದುಕ, ಕುಂಡಗಳಲ್ಲಿ ಹುಳುಗಳನ್ನು ಸಾಕಿ ಅವುಗಳ ಮುಂದೆ ಪಿಯಾನೊ ಬಾರಿಸಿ ಪರೀಕ್ಷಿಸುತ್ತಿದ್ದ. ಹುಳುಗಳಿಗೆ ಸಂಗೀತ ಕೇಳಿಸಲಿಲ್ಲ. ಆದರೆ ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಬಾರಿಸಿದಾಗ ಅದುರು ತಾಗಿ ಬಿಲದೊಳಗೆ ಸರಿದವು. ಒಂದು ಎಕರೆ ನೆಲದಲ್ಲಿ ಅವು ವರ್ಷಕ್ಕೆ 10 ಟನ್ನಿಗೂ ಮಿಕ್ಕಿ ಮಣ್ಣನ್ನು ನುಂಗಿ ಮೇಲೆ ತಂದು ಹಾಕುತ್ತವೆಂದು ಅವನು ಲೆಕ್ಕ ಹಾಕಿದ.

ಅದು ಇಂಗ್ಲೆಂಡಿನ ತಂಪು ಹುಲ್ಲುಗಾವಲಿನ ಮಾತು. ಜೇವರ್ಗಿ ಸೀಮೆಯ ಬಿಸಿಲಿಗೆ ಅದು ಹೊಂದೀತೇ ಎಂದು ನೀವು ಕೇಳಬಹುದು. ನಮ್ಮ ಇಜೇರಿಯ ಹೊಲಗಳೆಲ್ಲ ಎರೆಯ ಹೊಲಗಳು. ಕನ್ನಡದ ಸೋಜಿಗ ನೋಡಿ: ಎರೆ ಎಂದರೆ ಕರಿಯ ಮಣ್ಣು, ಎರೆ ಎಂದರೆ ಗಾಳದ ತುದಿಗೆ ಸಿಕ್ಕಿಸುವ ತುತ್ತು, ಆ ತುತ್ತಾಗುವ ಹುಳುವೂ ಎರೆಯೇ. ಪಂಡಿತರು ಇವು ಬೇರೆ ಬೇರೆ ಶಬ್ದಗಳೆಂದಾರು. ಹೊಲದಲ್ಲಿ ನಿಂತವನಿಗೆ ಮಣ್ಣೂ ಹುಳುವೂ ಒಂದೇ ಮನೆತನದವೆಂದು ತೋರಿದರೆ ತಪ್ಪಿಲ್ಲ.

ಮಳೆಗಾಲದಲ್ಲಿ ಈ ಮಣ್ಣು ಕಾಲಿಗೆ ಮೆತ್ತಿ ಚಪ್ಪಲಿಯನ್ನು ಕಸಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮೊಳಕಾಲು ಇಳಿಯುವಂತೆ ಬಿರಿಯುತ್ತದೆ. ಮೇಲಿನ ಹುಡಿಮಣ್ಣು, ಉದುರಿದ ಎಲೆ, ಒಣಗಿದ ಸಗಣಿ ಎಲ್ಲವೂ ಬಿರುಕಿನೊಳಗೆ ಬೀಳುತ್ತವೆ. ಮುಂಗಾರು ಬಂದು ನೆಲ ಉಬ್ಬಿದಾಗ ಕೆಳಗಿನದು ಮೇಲಕ್ಕೆ ಒತ್ತರಿಸಿ ಬರುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ನೆಲ ಇದು. ಈ ನೆಲದಾಳದಲ್ಲಿ ಎರೆಹುಳುವು ಮಣ್ಣಿನದೊಂದು ಗುಂಡನೆಯ ಕೋಣೆ ಮಾಡಿ, ಮೈಯನ್ನು ಗಂಟುಹಾಕಿಕೊಂಡು, ಬೇಸಿಗೆಯನ್ನೆಲ್ಲ ಮಲಗಿ ಕಳೆಯುತ್ತದೆ. ಅದರ ನೆರೆಹೊರೆಯಲ್ಲಿ ಇರುವೆ, ಗೆದ್ದಲು, ಜೀರುಂಡೆಯ ಮರಿಗಳಾದ ಗೊಣ್ಣೆಹುಳು, ಸಾವಿರ ಕಾಲಿನ ಹುಳು, ಕಣ್ಣಿಗೆ ಕಂಡೂ ಕಾಣದಂತೆ ಜಿಗಿಯುವ ಬಿಳಿಯ ಕ್ರಿಮಿ ಎಲ್ಲ ಇವೆ. ಮೊದಲ ಮಳೆ ಬಿದ್ದ ಮರುದಿನ ಕೆಂಪು ಮಖಮಲ್ಲಿನ ಇಂದ್ರಗೋಪ ಮೇಲೆ ಬಂದಾಗ ನಾವು ಹುಡುಗರು ಅದನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಕೊಂಡು ಸಾಲಿಗೆ ಹೋಗುತ್ತಿದ್ದೆವು. ಅದು ಗೆದ್ದಲನ್ನೂ ಕೀಟಗಳ ಮೊಟ್ಟೆಯನ್ನೂ ತಿಂದು ಬದುಕುವ ಬೇಟೆಗಾರನೆಂಬುದು ಆಗ ಯಾರಿಗೆ ಗೊತ್ತು?

ನಮ್ಮ ಮುತ್ಯಾ ಪ್ರತಿವರ್ಷ ಕುಂಟೆ ಹೊಡೆಯುತ್ತಿದ್ದ. ಮಡಿಕೆ ಹೂಡಿ ಆಳವಾಗಿ ಉಳುತ್ತಿದ್ದದ್ದು ಐದಾರು ವರ್ಷಕ್ಕೊಮ್ಮೆ, ಕರಿಕೆ ಹೆಚ್ಚಾದಾಗ ಮಾತ್ರ. ಕುಂಟೆ ಮೇಲಿನ ನಾಲ್ಕು ಬೆರಳು ಮಣ್ಣನ್ನು ಕೆದರಿದರೆ ಅದರ ಕೆಳಗಿನ ಊರು ಊರಾಗಿಯೇ ಉಳಿಯುತ್ತಿತ್ತು. ತಿಪ್ಪೆಯ ಗೊಬ್ಬರ ಬೀಳುತ್ತಿತ್ತು. ತೊಗರಿಯ ನಡುವೆ ಹೆಸರು, ಎಳ್ಳು, ಸಜ್ಜೆಯ ಅಕ್ಕಡಿ ಸಾಲು ಇರುತ್ತಿತ್ತು. ಹಾಗೆಂದು ಹಳೆಯದೆಲ್ಲ ಬಂಗಾರವೆಂದು ನಾನು ಹೇಳಲಾರೆ. ಹೈದರಾಬಾದಿನ ಹತ್ತಿರ ಪಟಂಚೇರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು 1976ರಿಂದ ಇಂಥದೇ ಕರಿಮಣ್ಣಿನಲ್ಲಿ ಪ್ರಯೋಗ ನಡೆಸಿದರು. ಮಳೆಗಾಲದಲ್ಲಿ ಹೊಲವನ್ನು ಬರಿದಾಗಿ ಬಿಟ್ಟು ಹಿಂಗಾರಿಗೆ ಜೋಳ ಬಿತ್ತುವ ಹಿರಿಯರ ಪದ್ಧತಿಗಿಂತ, ಮುಂಗಾರಿನಲ್ಲೇ ನೆಲಕ್ಕೆ ಹಸಿರು ಹೊದಿಸಿ ತೊಗರಿಯ ಜತೆ ಮತ್ತೊಂದು ಬೆಳೆ ಬೆಳೆದ ಹೊಲದ ಮಣ್ಣೇ ಹೆಚ್ಚು ಜೀವಂತವಾಗಿರುವುದು ಕಂಡುಬಂತು. ನೆಲದೊಳಗಿನ ಒಕ್ಕಲಿಗೆ ಬೇಕಾದದ್ದು ಬಿಸಿಲಿಗೆ ಮರೆ, ಬಾಯಿಗೆ ಕಸಕಡ್ಡಿ, ಕಾಲಕಾಲಕ್ಕೆ ಮನೆ ಕೆಡವದಿರುವ ಧಣಿ. ಇಷ್ಟನ್ನು ಕೊಟ್ಟವರು ಹಳಬರೋ ಹೊಸಬರೋ ಎಂದು ಅದು ಕೇಳುವುದಿಲ್ಲ.

ಈಗ ಏನಾಗಿದೆ? ಎತ್ತುಗಳು ಹೋದವು; ಅವುಗಳ ಸಗಣಿಯೂ, ಸಗಣಿಯನ್ನು ಉಂಡೆಮಾಡಿ ನೆಲದೊಳಗೆ ಉರುಳಿಸಿಕೊಂಡು ಹೋಗುತ್ತಿದ್ದ ಜೀರುಂಡೆಯೂ ಹಿಂದೆಯೇ ಹೋದವು. ಟ್ರ್ಯಾಕ್ಟರ್ ವರ್ಷಾ ಆಳವಾಗಿ ಉಳುತ್ತದೆ. ರೋಟಾವೇಟರ್ ಹೆಂಟೆಗಳನ್ನೆಲ್ಲ ಹಿಟ್ಟು ಮಾಡುತ್ತದೆ. ತೊಗರಿಯ ಮೇಲೆ ತೊಗರಿ. 2019ರಲ್ಲಿ ನಮ್ಮ ಜಿಲ್ಲೆಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಹೆಮ್ಮೆಪಟ್ಟೆವು. 2022ರ ಹಂಗಾಮಿನಲ್ಲಿ ನೆಟೆರೋಗ ಬಂದು ಕಾಯಿಕಟ್ಟಿದ ಗಿಡಗಳು ನಿಂತಲ್ಲೇ ಒಣಗಿದಾಗ ತಲೆಯ ಮೇಲೆ ಕೈ ಹೊತ್ತೆವು. ಆ ರೋಗದ ಬೂಷ್ಟು ಮಣ್ಣಿನಲ್ಲೇ ವರ್ಷಗಟ್ಟಲೆ ಕಾದಿರುತ್ತದೆ. ಒಂದೇ ಬೆಳೆಯನ್ನು ಮತ್ತೆ ಮತ್ತೆ ಬಿತ್ತಿದರೆ ಅದಕ್ಕೆ ಹಬ್ಬ. ಅತ್ತ ನಾರಾಯಣಪುರದ ಕಾಲುವೆಯ ನೀರು ಮುಟ್ಟಿದ ಕಡೆ ಬತ್ತ ನಿಂತಿದೆ. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಉಸಿರಾಡಲು ಗಾಳಿಯಿಲ್ಲ. ನೀರು ಬಸಿಯದ ಕಡೆ ಸವುಳು ಏಳುತ್ತದೆ.

ಈ ವಿಷಯ ನಮ್ಮ ಮನೆಯ ಪಂಚಾಯತಿಗೂ ಬಂತು. ಹೋದ ವರ್ಷ ನಮ್ಮಲ್ಲಿ ಪಾಲಾಯಿತು. ನನ್ನ ಹೊಲಕ್ಕೂ ತಮ್ಮನ ಹೊಲಕ್ಕೂ ನಡುವೆ ಒಂದು ಅಗಲವಾದ ಹಳೆಯ ಒಡ್ಡು ಇದೆ. ಅಳೆದರೆ ಮೂರು ಗುಂಟೆ ಆದೀತು. ಅದರ ಮೇಲೆ ಎರಡು ಬೇವು, ಒಂದು ಜಾಲಿ, ತಂಗಡಿಯ ಪೊದೆ, ಹುಲ್ಲು, ಒಂದು ಹುತ್ತ.

“ಅಣ್ಣಾ, ಈ ಒಡ್ಡು ಒಡೆದು ಹಾಕಮು. ಟ್ರ್ಯಾಕ್ಟರ್ ತಿರಗಲಾಕ ಜಾಗ ಆಗವಲ್ದು. ಮ್ಯಾಲ ಮೂರು ಗುಂಟೆ ತೊಗರಿ ಬರ್ತದ,” ಎಂದ ತಮ್ಮ.

“ಒಡ್ಡಿನಾಗ ಜೀವ ಅದಾವಪ್ಪಾ,” ಎಂದೆ.

“ಜೀವ ಅದಾವ ಅಂತೇ ಒಡೀಬೇಕು. ಕಾಯಿಕೊರಕ ಮಣ್ಣಾಗೇ ಕೋಶ ಕಟ್ಟತದ. ಮಾಗಿ ಉಳಿಮಿ ಮಾಡಿ ಬಿಸಲಿಗಿ ಹಾಕ್ರಿ ಅಂತ ಅವರೇ ಹೇಳ್ತಾರ!”

ಅವನ ಮಾತು ಸುಳ್ಳಲ್ಲ. ತೊಗರಿಯ ಕಾಯಿಕೊರಕ ಮಣ್ಣಿನಲ್ಲಿ ಕೋಶವಾಗುತ್ತದೆ. ಆಳವಾಗಿ ಉತ್ತರೆ ಕೋಶ ಮೇಲೆ ಬಿದ್ದು ಬಿಸಿಲಿಗೆ ಸಾಯುತ್ತದೆ, ಇಲ್ಲವೆ ಬೆಳ್ಳಕ್ಕಿಗೆ ಊಟವಾಗುತ್ತದೆ. ಆದರೆ ನೇಗಿಲಿಗೆ ಕಣ್ಣಿಲ್ಲ. ಕೋಶವನ್ನು ಕೊಂದ ಗುಳವೇ ಆ ಕೋಶವನ್ನು ತಿನ್ನಲು ಹೊರಟ ಇರುವೆಯ ಮನೆಯನ್ನೂ ಜೀರುಂಡೆಯ ಬಿಲವನ್ನೂ ಕೆಡವುತ್ತದೆ. ಕಳ್ಳನ ಜತೆ ಪೊಲೀಸನನ್ನೂ ಹಿಡಿದು ಹೊಡೆದಂತೆ.

ಮಾತಿನಿಂದ ತೀರುವ ಜಗಳ ಅಲ್ಲವೆಂದು, ಕೃಷಿ ಓದುತ್ತಿರುವ ನಮ್ಮ ಅಕ್ಕನ ಮಗನನ್ನು ಕರೆದೆ. ಅವನು ಶಾಸ್ತ್ರೀಯ ಕ್ರಮ ಹೇಳಿದ: 25 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 30 ಸೆಂಟಿಮೀಟರ್ ಆಳದ ಮಣ್ಣಿನ ಗಟ್ಟಿಯನ್ನು ಎತ್ತಿ, ಬಿಳಿ ಬಟ್ಟೆಯ ಮೇಲೆ ಹರಡಿ, ಕೈಯಿಂದ ಹೆಕ್ಕಿ ಎಣಿಸುವುದು. ಉಷ್ಣದೇಶಗಳ ಮಣ್ಣನ್ನು ಅಭ್ಯಸಿಸುವವರು ಎಲ್ಲೆಡೆಯೂ ಬಳಸುವ ರೀತಿ ಇದೇ ಅಂತೆ. ಮಳೆ ಹದವಾಗಿ ಬಿದ್ದ ಮೇಲೆ ಉತ್ತ ಹೊಲದ ನಡುವೆ ಒಂದು, ಒಡ್ಡಿನ ಬುಡಕ್ಕೆ ಒಂದು, ಒಡ್ಡಿನಿಂದ ನಾಲ್ಕು ಮಾರು ದೂರದಲ್ಲಿ ಒಂದು ಗುಂಡಿ ತೆಗೆದೆವು. ಹೊಲದ ನಡುವಿನ ಮಣ್ಣಿನಲ್ಲಿ ಒಂದೆರಡು ಗೊಣ್ಣೆಹುಳು, ಕೆಲವು ಇರುವೆ. ಎರೆಹುಳು ಒಂದೂ ಇಲ್ಲ. ಒಡ್ಡಿನ ಬುಡದಲ್ಲಿ ಬಟ್ಟೆಯೇ ನಡೆಯತೊಡಗಿತು. ಹೆಸರು ಗೊತ್ತಿದ್ದವು, ಗೊತ್ತಿಲ್ಲದವು, ಓಡುವವು, ಸುರುಳಿ ಸುತ್ತುವವು. ಎಣಿಸುವ ಹುಡುಗ ಎರಡು ಸಲ ಲೆಕ್ಕ ತಪ್ಪಿದ. ನಾಲ್ಕು ಮಾರಿನ ಗುಂಡಿಯಲ್ಲಿ ಇವುಗಳ ನಡುವಣ ಸ್ಥಿತಿ: ಮೂರು ಎರೆಹುಳು, ಅವುಗಳ ಕೊಳವೆಯಂಥ ದಾರಿ, ಆ ದಾರಿಯಲ್ಲೇ ಇಳಿದ ತೊಗರಿಯ ಬೇರು.

ಮೂರು ಗುಂಡಿಗಳಿಂದ ಶಾಸ್ತ್ರ ಹುಟ್ಟುವುದಿಲ್ಲವೆಂದು ಬಲ್ಲೆ. ಆದರೆ ತಮ್ಮ ಆ ಬೇರನ್ನು ಬಹಳ ಹೊತ್ತು ನೋಡಿದ. ಉಳದೆ ಬಿಟ್ಟ ಒಡ್ಡು ಬೀಜದ ಕಣಜವಿದ್ದಂತೆ. ಹೊಲದಲ್ಲಿ ಸತ್ತದ್ದು ಮತ್ತೆ ತುಂಬಿಬರುವುದು ಅಲ್ಲಿಂದ. ಅದನ್ನೇ ಒಡೆದರೆ ತುಂಬಲಿಕ್ಕೆ ಎಲ್ಲಿಂದ ಬಂದೀತು?

“ಹುಳ ಬೇಕಾದ್ರ ಪ್ಯಾಟ್ಯಾಗ ಸಿಗ್ತಾವ ಬಿಡು, ಕಿಲೋ ಲೆಕ್ಕದಾಗ,” ಎಂದ ತಮ್ಮ. ಅದೂ ನಿಜವೇ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ರಾಧಾ ಕಾಳೆ ಅವರಂಥ ವಿಜ್ಞಾನಿಗಳು ದಶಕಗಟ್ಟಲೆ ದುಡಿದುದರಿಂದ ಎರೆಗೊಬ್ಬರ ಮನೆಮಾತಾಯಿತು. ಆದರೆ ಗೊಬ್ಬರದ ತೊಟ್ಟಿಯಲ್ಲಿ ಹೆಚ್ಚಾಗಿ ಸಾಕುವುದು ಆಫ್ರಿಕದ ಹುಳು. ಅದು ಮೇಲೆ ಇದ್ದು ಕಸ ತಿನ್ನುವ ಅತಿಥಿ. ನಮ್ಮ ಎರೆಯ ಆಳಕ್ಕಿಳಿದು ಬೇಸಿಗೆ ಕಳೆಯುವ ವಿದ್ಯೆ ಅದಕ್ಕೆ ತಿಳಿಯದು. ಅಷ್ಟೇ ಅಲ್ಲ, ಒಂದೇ ಜಾತಿ ಹೆಚ್ಚಿದರೆ ಸಾಲದು. ಬ್ರೆಜಿಲ್ಲಿನ ಅಮೆಜಾನ್ ಸೀಮೆಯಲ್ಲಿ ಕಾಡು ಕಡಿದು ಹುಲ್ಲುಗಾವಲು ಮಾಡಿದ ಕಡೆ ಒಂದು ಜಾತಿಯ ಎರೆಹುಳು ಉಳಿದವರೆಲ್ಲ ಹೋದ ಮನೆಯಲ್ಲಿ ಬೇಕಾಬಿಟ್ಟಿ ಬೆಳೆದು, ಅದರ ಹಿಕ್ಕೆಯೇ ಹೆಪ್ಪುಗಟ್ಟಿ ನೆಲ ಗಾರೆಯಂತಾದುದನ್ನು ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದರು. ಅಗೆಯುವವನಿಗೆ ಸಡಿಲಿಸುವವನು ಜೊತೆಗಿರಬೇಕು. ಊರೆಂದರೆ ಹದಿನೆಂಟು ಕಸುಬಿನವರು ಇರಬೇಕು. ಒಬ್ಬನೇ ತುಂಬಿದರೆ ಅದು ಊರಲ್ಲ, ಛಾವಣಿ.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತೋ ಇಲ್ಲವೋ, ಎಳ್ಳಮಾಸಿಯ ದಿನ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಪಾಂಡವರನ್ನು ಪೂಜಿಸಿ, ಮೊದಲ ತುತ್ತನ್ನು ಬೆಳೆಯ ನಡುವೆ ಚರಗ ಚೆಲ್ಲುವುದನ್ನಂತೂ ಬಿಟ್ಟಿಲ್ಲ. ನಾಗರಪಂಚಮಿಗೆ ಯಾರೂ ನೆಲ ಅಗೆಯುವುದಿಲ್ಲ. ಆ ಚರಗ ಭೂತಾಯಿಗೆ ಎನ್ನುತ್ತೇವೆ. ಮರುದಿನ ನೋಡಿದರೆ ಅದನ್ನು ಹೊತ್ತು ಒಳಗೆ ಒಯ್ಯುತ್ತಿರುವವರು ಇರುವೆಗಳು. ಭೂತಾಯಿಗೆ ಬಾಯಿ ಇರುವುದು ಹೀಗೆಯೇ ಇರಬೇಕು.

ಈ ಸಲದ ಎಳ್ಳಮಾಸಿಗೆ ಆ ಒಡ್ಡಿನ ಬೇವಿನ ಕೆಳಗೇ ಎರಡೂ ಮನೆಯವರು ಕೂಡಿ ಉಂಡೆವು. ಭಜ್ಜಿ, ಸಜ್ಜೆರೊಟ್ಟಿ ಮುಗಿದ ಮೇಲೆ ಒಪ್ಪಂದವಾಯಿತು. ಟ್ರ್ಯಾಕ್ಟರ್ ತಿರುಗಲು ಒಡ್ಡಿನ ಒಂದು ಮೂಲೆ ಬಿಡುವುದು; ಉಳಿದದ್ದು ಇದ್ದಂತೆ ಇರುವುದು. ಆಳದ ಉಳುಮೆ ಮೂರು ವರ್ಷಕ್ಕೊಮ್ಮೆ. ತೊಗರಿಯ ನಡುವೆ ಹೆಸರಿನ ಸಾಲು. ತಮ್ಮ ಕೈ ತೊಳೆದುಕೊಂಡು ಬಂದು, “ಅಣ್ಣಾ, ಬಾಯಿಮಾತು ಬ್ಯಾಡ. ಅವರ ಪಾಲು ಏಸು ಅಂತ ವಾಟಣಿ ಪತ್ರದಾಗ ಬರದು ಇಡು. ನಾಳಿ ನಮ್ಮ ಮಕ್ಕಳು ಕೇಳ್ತಾವ,” ಎಂದ.

ಬರೆದೆ: ಒಡ್ಡು, ಎರಡೂವರೆ ಗುಂಟೆ. ಯಾರೂ ಉಳತಕ್ಕದ್ದಲ್ಲ.